ಸಂಗಯ್ಯನವರ ಸೋರೆ

ನನ್ನ ಮಗ ಗುರುಪಾದನ ಮದುವೆಯ ದಿನ ಹೆಣ್ಣಿನ ಅಣ್ಣಂದಿರು ನಮ್ಮೂರಿನ ಹಿರಿಯರಾದ ಸಂಗಯ್ಯನವರ ಕೊರಳಪಟ್ಟಿಗೆ ಕೈ ಹಾಕಿಬಿಟ್ಟರು. ತಾಳಿ ಕಟ್ಟಿ ಆಗಷ್ಟೇ ಮುಗಿದಿತ್ತು. ಅಕ್ಕಿಕಾಳು ಇನ್ನೂ ಎಲ್ಲರ ತಲೆಯ ಮೇಲಿದ್ದವು.

"ಏ ಮುದುಕಾ, ನಮ್ಮ ತಂಗಿಗೆ ಕಣ್ಣ ಹೊಡೀತಿಯೇನ?" ಎಂದು ದೊಡ್ಡವನು ಗುಡುಗಿದ. ಚಿಕ್ಕವನು ಮಂಟಪದ ಸುತ್ತ ಒಮ್ಮೆ ಕಣ್ಣಾಡಿಸಿ ಬೆಚ್ಚಿಬಿದ್ದು, "ಅಣ್ಣಾ, ಇವನೊಬ್ಬನ ಅಲ್ಲೋ. ಅಲ್ಲಿ ನೋಡು, ಆ ಹಲ್ಲಿಲ್ಲದ ಅಜ್ಜಿನೂ ಹೊಡಿಯಾಕತ್ತಾಳ" ಎಂದ.

ಪಾಪ, ಸಂಗಯ್ಯನವರು ನೋಡುತ್ತಿದ್ದದ್ದು ಮದುಮಗಳ ಕೊರಳಲ್ಲಿದ್ದ ಹೂವಿನ ಮಾಲೆಯನ್ನು. ಯಾವುದನ್ನಾದರೂ ನಿಗಾ ಇಟ್ಟು ನೋಡುವಾಗ ನಮ್ಮೂರಿನವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತೊಟ್ಟಿಲಲ್ಲಿ ಮಲಗಿದಾಗಿನಿಂದ ಆದ ಅಭ್ಯಾಸ ಅದು. ನಾನು ನಡುವೆ ಹೋಗಿ ಬೀಗರ ಕೈ ಬಿಡಿಸಿದೆ. "ಕಣ್ಣ ಹೊಡ್ಯಾಕತ್ತಿಲ್ರೀ ಯಪ್ಪಾ, ಹೂವು ಯಾವುದು ಅಂತ ನೋಡಾಕತ್ತಾರ" ಎಂದೆ. "ಹೂವು ನೋಡಾಕ ಕಣ್ಣ ಯಾಕ ಮುಚ್ಚಬೇಕು?" ಎಂದು ಅವನು ಕೇಳಿದ. ಹೊರಗಿನವರಿಗೆ ಇದನ್ನು ಹೇಗೆ ಹೇಳುವುದು? "ತೆರೆದರ ಕಾಣಂಗಿಲ್ರಿ" ಎಂದುಬಿಟ್ಟೆ. ಅವರು ಊಟ ಮಾಡಿ, ತಂಗಿಯನ್ನು ನಮ್ಮಲ್ಲಿ ಬಿಟ್ಟು, ದಾರಿಯುದ್ದಕ್ಕೂ ತಿರುತಿರುಗಿ ನೋಡುತ್ತ ಹೋದರು.

ನಮ್ಮೂರಲ್ಲಿ ಬೆಂಡೆಯ ಎಲೆಯೂ ಜೋಳದ ಎಲೆಯೂ ಒಂದೇ. ಬೇವು, ಬದನೆ, ದತ್ತೂರಿ, ಮಲ್ಲಿಗೆ, ಎಲ್ಲವಕ್ಕೂ ಅದೇ ಅಂಗೈಯಗಲದ ಹಸಿರು ಎಲೆ, ಅದೇ ಐದೆಸಳಿನ ಬಿಳಿ ಹೂವು, ಅದೇ ಹಿಡಿಗಾತ್ರದ ಕಾಯಿ. ಹಸಿಯಾಗಿ ತಿಂದರೆ ಎಲ್ಲವೂ ನೀರಿನ ರುಚಿ. ಬೆಂದ ಮೇಲಷ್ಟೇ ಬದನೆ ಬದನೆಯಾಗುತ್ತದೆ, ದತ್ತೂರಿ ದತ್ತೂರಿಯಾಗುತ್ತದೆ. ಆದ್ದರಿಂದ ಒಲೆಗೆ ಇಡುವ ಮೊದಲೇ ಯಾವುದು ಏನು ಎಂದು ತಿಳಿಯಬೇಕು. ಅದನ್ನು ಹೇಳುವುದು ಹೂವಿನ ಹುಡಿ ಒಂದೇ. ಪುಸ್ತಕದವರು ಅದನ್ನು ಪರಾಗ ಎನ್ನುತ್ತಾರಂತೆ. ಒಂದೊಂದು ಅಡುಗೆಮನೆಯಲ್ಲೂ ಒರಳಿನ ಪಕ್ಕ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಒಂದು ಕೊಳವೆ ನಿಲ್ಲಿಸಿರುತ್ತೇವೆ. ಗಾಜಿನ ಮೇಲೆ ಹೂವನ್ನು ಕೊಡವಿ, ಕೊಳವೆಯ ಕೆಳಗಿಟ್ಟು, ಬಲಗಣ್ಣಿನಿಂದ ನೋಡಿದರೆ ಆಯಿತು. ಕಾಯಿಪಲ್ಲೆ ಮಾರುವವಳು ತೊಟ್ಟಿಗೊಂದು ಹೂವು ಇಟ್ಟೇ ಮಾರಬೇಕು. ಹೂವಿಲ್ಲದ ಕಾಯಿ, ಹೆಸರಿಲ್ಲದ ನಾಯಿ ಎರಡನ್ನೂ ಒಳಗೆ ಕರೆಯಬಾರದು ಎಂದು ನಮ್ಮಲ್ಲಿ ಮಾತಿದೆ.

ನನ್ನ ಕಣ್ಣು ನಮ್ಮ ಓಣಿಯಲ್ಲೇ ಮೇಲು. ಬಾಳವ್ವ ನೋಡಿದಳು ಎಂದರೆ ಮುಗಿಯಿತು, ಇನ್ನೊಬ್ಬರು ನೋಡುತ್ತಿರಲಿಲ್ಲ. ಬೆಂಡೆಯ ಹುಡಿ ಮೈತುಂಬ ಮುಳ್ಳಿರುವ ದೊಡ್ಡ ಉಂಡೆ. ಮುಳ್ಳುಹಂದಿ ಸುತ್ತಿಕೊಂಡು ಮಲಗಿದಂತೆ. ಜೋಳದ್ದು ನುಣ್ಣಗೆ ದುಂಡಗೆ, ಒಂದೇ ತೂತು. ಉಳ್ಳಾಗಡ್ಡಿಯದು ಗೋಧಿಕಾಳಿನ ಹಾಗೆ ಉದ್ದಕ್ಕೆ ಒಂದೇ ಗೀರು. ರಾಜಗಿರಿಯದು ಮೈಯೆಲ್ಲ ತೂತಾದ ಚೆಂಡು. ಬದನೆಗೂ ದತ್ತೂರಿಗೂ ಮೂರು ಮೂರು ಗೀರು, ಅವೆರಡೂ ದಾಯಾದಿಗಳೇ. ಆದರೆ ದತ್ತೂರಿಯ ಮೈಮೇಲೆ ಬೆರಳಚ್ಚಿನಂಥ ಸಣ್ಣ ಗೆರೆಗಳು ಇರುತ್ತವೆ. ಆ ಗೆರೆಗಳನ್ನು ಕಾಣದವಳಿಗೆ ನಮ್ಮೂರಲ್ಲಿ ಒಲೆ ಮುಟ್ಟಲು ಬಿಡುವುದಿಲ್ಲ.

ಮದುವೆಯಾದ ಮರುದಿನವೇ ಸೊಸೆ ಶಾವಂತ್ರಿಯನ್ನು ಕೊಳವೆಯ ಮುಂದೆ ಕೂರಿಸಿದೆ. ಹುಡುಗಿಗೆ ಒಂದು ಕಣ್ಣು ಮಾತ್ರ ಮುಚ್ಚಲು ಬರುತ್ತಿರಲಿಲ್ಲ. ಎಡಗಣ್ಣು ಮುಚ್ಚು ಎಂದರೆ ಎರಡೂ ಮುಚ್ಚುತ್ತಿದ್ದಳು. ಬಲಗಣ್ಣು ತೆಗೆ ಎಂದರೆ ಎರಡೂ ತೆಗೆಯುತ್ತಿದ್ದಳು. ಜೊತೆಗೆ ಬಾಯಿಯನ್ನೂ ತೆಗೆಯುತ್ತಿದ್ದಳು. ನೆರೆಮನೆಯ ಕಾಶವ್ವ ಬಂದು ಎಲೆಯೊಂದನ್ನು ಅಂಟಿಸಿ ಎಡಗಣ್ಣು ಕಟ್ಟಿದಳು. ಶಾವಂತ್ರಿ ಬಹಳ ಹೊತ್ತು ಬಗ್ಗಿ ನೋಡಿ ಕಡೆಗೆ, "ಕಂಡಿತ್ರೀ ಅತ್ತೀ! ಕರ್ರಗ, ಉದ್ದಕ್ಕ, ಸಾಲಾಗಿ ನಿಂತಾವು!" ಎಂದು ಕೂಗಿದಳು.

ನನಗೂ ಗಾಬರಿಯಾಯಿತು. ಅಂಥ ಹುಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಶವ್ವ ಹತ್ತಿರ ಬಂದು ನೋಡಿ, "ಅದು ನಿನ್ನ ಕಣ್ಣರೆಪ್ಪಿ ಕೂದಲ, ತಂಗಿ" ಎಂದಳು.

ಮುಂದೆ ಹುಡಿ ಕಾಣಲು ಶುರುವಾಯಿತು, ಆದರೆ ಉಪಯೋಗವೇನೂ ಆಗಲಿಲ್ಲ. ಬೆಂಡೆಯನ್ನು ತೋರಿಸಿದರೆ, "ಥೇಟ್ ನಮ್ಮ ದೊಡ್ಡಣ್ಣನ ತಲಿ ಐತ್ರಿ" ಎಂದು ನಗುತ್ತಿದ್ದಳು. ರಾಜಗಿರಿಯನ್ನು ತೋರಿಸಿದರೆ, "ಎಷ್ಟ ಚಂದ ಐತಿ, ಕಿವಿಯಾಗ ಇಟ್ಕೋಬೇಕು" ಎನ್ನುತ್ತಿದ್ದಳು. "ಚಂದ ಇರ್ಲಿ, ಯಾವುದದು ಹೇಳು" ಎಂದರೆ ನನ್ನ ಮುಖವನ್ನೇ ಓದಲು ನೋಡುತ್ತಿದ್ದಳು. ಗುರುಪಾದ ಅವಳ ಪರವಾಗಿ, "ಕಲೀತಾಳ ಬಿಡವ್ವಾ" ಎಂದು ಗೊಣಗುತ್ತಿದ್ದ. ಮಕ್ಕಳನ್ನು ತೂಗುವಾಗ ನಾವು ಹಾಡುವುದು ಇದನ್ನೇ, ಗೀರಿಗೂ ತೂತಿಗೂ ಬಾಯಿ ಎಂದು ಕರೆದು: ಒಂಟಿ ಬಾಯಿಯವು ಜೋಳ ಉಳ್ಳಾಗಡ್ಡಿ ತೆಂಗಿನ ಬಳಗ, ಮೂರು ಬಾಯಿಯವು ಅವರೆ ಬದನೆ ಸೋರೆಯ ಬಳಗ. ಶಾವಂತ್ರಿ ಆ ಹಾಡನ್ನು ಬಹಳ ಇಂಪಾಗಿ ಕಲಿತಳು. ಹಾಡುತ್ತಲೇ ಜೋಳಕ್ಕೆ ಬದನೆ ಎನ್ನುತ್ತಿದ್ದಳು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬರುತ್ತಿದ್ದಾಗ, ಒಲೆಯ ಮೇಲಿದ್ದ ಸಾರನ್ನು ಅವಳು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಉಣ್ಣುವವರು ಇನ್ನೂ ಎಲೆಯ ಮುಂದೆ ಕೂತಿರಲಿಲ್ಲ. ದೇವರಿಗೂ ತೋರಿಸಿರಲಿಲ್ಲ.

"ಅಯ್ಯ ನಮ್ಮವ್ವಾ, ಎಂಜಲ ಮಾಡಿದೆಲ್ಲಾ!" ಎಂದೆ.

"ಉಪ್ಪು ನೋಡಿದೆ ರೀ ಅತ್ತೀ. ನಮ್ಮವ್ವ ದಿನಾ ಹಿಂಗ ನೋಡ್ತಾಳ."

"ಉಪ್ಪು ಕೈಯಾಗ ಇರಬೇಕು, ನಾಲಿಗ್ಯಾಗಲ್ಲ."

"ಕೈಗೆ ರುಚಿ ಹೆಂಗ ಗೊತ್ತಾಕೈತ್ರಿ?" ಎಂದಳು. ಎದುರು ಮಾತಾಡುವವಳ ಹಾಗೆ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. ಆ ಸಾರನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, ಅವಳಿಗೆ ನೀರು ತರುವುದು, ಪಾತ್ರೆ ಬೆಳಗುವುದು ಇಷ್ಟನ್ನೇ ಒಪ್ಪಿಸಿದೆ. ಒಲೆಯ ಹತ್ತಿರ ಬರಬೇಡ ಎಂದೆ. ಬರಲಿಲ್ಲ. ಪಾತ್ರೆಗಳನ್ನು ಮಾತ್ರ ಕನ್ನಡಿಯಂತೆ ಬೆಳಗುತ್ತಿದ್ದಳು.

ಸೋರೆಯ ಮುನಿಸಿನ ವಿಷಯವನ್ನೂ ಹೇಳಬೇಕು. ಸೋರೆಕಾಯಿ ಬಿಡುವ ಕಾಲಕ್ಕೆ ನಮ್ಮೂರಲ್ಲಿ ಯಾರಾದರೂ ಸೋರೆ ಪಲ್ಯ ಉಂಡು, ವಾಂತಿಯಾಗಿ, ರಕ್ತ ಕಾರಿ ಮಲಗುವುದಿತ್ತು. ಕೆಲವರು ಏಳುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಸೋರೆಗೆ ಸಿಟ್ಟು ಬಂದಿದೆ ಎಂದು ಬಳ್ಳಿಗೆ ಅರಿಸಿನ ಹಚ್ಚುತ್ತಿದ್ದೆವು. ನನ್ನ ಯಜಮಾನರು ಹೋದದ್ದು ಹಾಗೆಯೇ. ಮೇಲಿನ ಓಣಿಯವರ ಮನೆ ತುಂಬುವ ಊಟಕ್ಕೆ ಹೋಗಿದ್ದೆವು. ಅವರು ಗಂಡಸರ ಸಾಲಿನಲ್ಲಿ, ನಾನು ಎದುರಿಗೆ ಹೆಂಗಸರ ಸಾಲಿನಲ್ಲಿ. ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿ, "ಕಹಿ ಐತಿ" ಎಂದರು. ಬಡಿಸುತ್ತಿದ್ದ ಮನೆಯಾಕೆ ಅದನ್ನು ಕೇಳಿಸಿಕೊಂಡಳು. "ಸಂಗಯ್ಯನೋರ ನೋಡಿ ಕೊಟ್ಟಾರ, ಸೋರೆನ ಐತ್ರಿ" ಎಂದಳು. ಸಾಲಿನವರು ನಕ್ಕರು. ಇವರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಂಡು ಮುಗಿಸಿದರು. ಆ ವಾರ ದಾಟಲಿಲ್ಲ. ಆಮೇಲೆ ಊರಿನವರು ಚಾವಡಿಯ ಕೊಳವೆಯಲ್ಲಿ ಮತ್ತೆ ಆ ಹೂವನ್ನು ನೋಡಿದರು. ಸೋರೆಯೇ ಆಗಿತ್ತು.

ಸಂಗಯ್ಯನವರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಊರಿಗೆಲ್ಲ ಊಟ ಇತ್ತು. ಅವರು ಚಾವಡಿಯಲ್ಲಿ ಇರುವ ದೊಡ್ಡ ಹಿತ್ತಾಳೆ ಕೊಳವೆಯ ಯಜಮಾನರು. ಎರಡು ಮನೆಯವರು ಇದು ಅವರೆ, ಅಲ್ಲ ಹುರುಳಿ ಎಂದು ಜಗಳಾಡಿಕೊಂಡು ಹೋದರೆ ತೀರ್ಪು ಅವರದೇ. ಚಾವಡಿಯ ಬಾಗಿಲ ಮೇಲೆ "ಹುಡಿ ಸುಳ್ಳಾಡದು" ಎಂದು ಅವರ ತಾತ ಬರೆಸಿದ್ದರು. ಅವರು ಒಳ್ಳೆಯವರು. ಯಾರಿಂದಲೂ ಒಂದು ಕಾಯಿಯನ್ನೂ ತೆಗೆದುಕೊಂಡವರಲ್ಲ. ತೊಟ್ಟಿಲಿನ ಊಟಕ್ಕೆ ತಮ್ಮ ಹಿತ್ತಲಿನ ಸೋರೆಯನ್ನೇ ಕೊಯ್ಯಿಸಿದ್ದರು. ಬೀಜ ಹಾಕಿ, ತಾವೇ ನೀರು ಹೊತ್ತು ಬೆಳೆಸಿದ ಬಳ್ಳಿ ಅದು. ಹೂವನ್ನು ಅವರೂ ನೋಡಿದರು, ನಾನೂ ನೋಡಿದೆ. ಮೂರು ಗೀರು, ಮೈಮೇಲೆ ಸಣ್ಣ ಬಲೆಯ ಹೊದಿಕೆ. ಸೋರೆ.

ಅಡುಗೆ ನನ್ನ ಉಸ್ತುವಾರಿಯಲ್ಲಿತ್ತು. ಕೈ ಸಾಲದೆ ಶಾವಂತ್ರಿಯನ್ನು ಪಲ್ಯದ ಕೊಪ್ಪರಿಗೆ ತಿರುವಲು ನಿಲ್ಲಿಸಿದೆ. ಜನ ಸಾಲಾಗಿ ಕೂತರು, ಎಲೆ ಹಾಕಿದರು, ರೊಟ್ಟಿ ಬಂತು, ಚಟ್ನಿ ಬಂತು. ಪಲ್ಯ ಬರಲಿಲ್ಲ. ಹೋಗಿ ನೋಡಿದರೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಕೊಪ್ಪರಿಗೆಗೆ ಅಡ್ಡ ನಿಂತಿದ್ದಾಳೆ. ಬಡಿಸುವ ಗಂಡಸರು ಬುಟ್ಟಿ ಹಿಡಿದು ಕಾಯುತ್ತಿದ್ದಾರೆ. ಗುರುಪಾದನೂ ಅವರಲ್ಲೊಬ್ಬ.

"ಇದನ್ನ ಯಾರಿಗೂ ಬಡಸಬ್ಯಾಡ್ರಿ ಅತ್ತೀ. ಕಹಿ ಐತಿ" ಎಂದಳು.

ಅವಳು ಆ ಮಾತನ್ನು ಮೆಲ್ಲಗೆ ಹೇಳಿದ್ದಳು. ಆದರೂ ಹಸಿದ ಸಾಲಿಗೆ ಕೇಳಿಸಿಬಿಟ್ಟಿತು. ಸಂಗಯ್ಯನವರು ಎದ್ದು ಬಂದರು. ಸಿಟ್ಟು ಮಾಡಲಿಲ್ಲ. "ಸೋರೆ ಕಹಿ ಇರಾಂಗಿಲ್ಲ, ತಂಗಿ. ಕಹಿ ಇರೋದು ಹಾಗಲ. ಅನುಮಾನ ಇದ್ರ ನೋಡೋಣಂತ" ಎಂದು ಹಿತ್ತಾಳೆ ಕೊಳವೆಯನ್ನು ಅಂಗಳಕ್ಕೇ ತರಿಸಿದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಎಲೆಯ ಮುಂದೆ ಕೂತ ಅಷ್ಟೂ ಜನ ಎದ್ದು, ರೊಟ್ಟಿ ಆರಲು ಬಿಟ್ಟು, ಕೊಳವೆಯ ಮುಂದೆ ಸಾಲು ನಿಂತರು. ಒಬ್ಬೊಬ್ಬರೇ ಬಗ್ಗಿ, ಎಡಗಣ್ಣು ಮುಚ್ಚಿ, "ಸೋರೆ" ಎಂದು ಹೇಳಿ, ತಮ್ಮ ತಮ್ಮ ಎಲೆಗೆ ಮರಳಿದರು. ತೊಟ್ಟಿಲ ಮಗು ಅಳುತ್ತಿತ್ತು. ಅದರ ತಾಯಿಯೂ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ನೋಡಿ "ಸೋರೆ" ಎಂದು ಹೋದಳು. ಕೊನೆಗೆ ಸಂಗಯ್ಯನವರು ಶಾವಂತ್ರಿಯನ್ನು ಕರೆದರು. ಅವಳು ಸೌಟು ಬಿಡದೆಯೇ ಬಂದಳು, ಎಡಗಣ್ಣಿನ ಮೇಲೆ ಸೆರಗು ಒತ್ತಿಕೊಂಡು ಬಗ್ಗಿದಳು. ತುಟಿಯಲ್ಲೇ ಹಾಡು ಗುನುಗಿದಳು.

"ಮೂರು ಬಾಯಿ. ಮೈಮ್ಯಾಲೆ ಬಲಿ ಹೊದ್ದಂಗ ಐತಿ. ಸೋರೆ ರೀ" ಎಂದಳು.

"ಬಾಳವ್ವಾ, ನಿನ್ನ ಸೊಸಿ ಪಾಸಾದ್ಲು!" ಎಂದು ಕಾಶವ್ವ ಚಪ್ಪಾಳೆ ತಟ್ಟಿದಳು. ಹೆಂಗಸರೆಲ್ಲ ಖುಷಿಪಟ್ಟರು. ಯಾರೋ ಅವಳ ಹಣೆಗೆ ಕುಂಕುಮವನ್ನೂ ಇಟ್ಟರು. ನಾನು ಎಷ್ಟು ದಿನದಿಂದ ಕಾಯುತ್ತಿದ್ದೆನೋ ಅದೇ ಆಗಿತ್ತು, ಆದರೆ ನಾನು ಕೊಪ್ಪರಿಗೆಯ ಕಡೆಗೇ ನೋಡುತ್ತಿದ್ದೆ.

"ಹಂಗಾದ್ರ ಬಡಸ್ರಿ" ಎಂದರು ಸಂಗಯ್ಯನವರು.

"ಸೋರೆ ಖರೇ ರೀ ಅಯ್ಯನೋರ. ಆದ್ರ ಕಹಿ ಐತಿ" ಎಂದು ಶಾವಂತ್ರಿ ಮತ್ತೆ ಹೋಗಿ ಅಡ್ಡ ನಿಂತಳು.

"ಕಹಿ ಎಲ್ಲೈತಿ? ಈ ಹುಡಿಯಾಗ ತೋರಿಸು. ಗೀರಿನ್ಯಾಗ ಐತೋ, ಬಲಿಯಾಗ ಐತೋ?"

"ಹುಡಿಯಾಗಿಲ್ರಿ, ಪಲ್ಯದಾಗೈತಿ. ಹುಡಿ ಸುಳ್ಳ ಹೇಳಿಲ್ರಿ. ನೀವು ಕೇಳಿದ್ದಷ್ಟ ಅದು ಹೇಳೇತಿ."

ಆಗ ಹೆಂಗಸರ ಸಾಲಿನಿಂದ ಒಬ್ಬಳು, "ಕಹಿ ಅಂತ ಇಕಿಗೆ ಹೆಂಗ ಗೊತ್ತಾತು?" ಎಂದಳು. ಶಾವಂತ್ರಿ ತನ್ನ ಅಂಗೈಯನ್ನು ನೋಡಿಕೊಂಡಳು. ಅಷ್ಟೇ ಸಾಕಾಯಿತು. ಎಂಜಲು, ತೊಟ್ಟಿಲ ಊಟವನ್ನೇ ಎಂಜಲು ಮಾಡಿದಳು, ಎಲ್ಲಿಂದ ತಂದಿರಿ ಇಂಥವಳನ್ನು ಎಂದು ಗದ್ದಲ ಎದ್ದಿತು. ಅವಳನ್ನು ಇಂದೇ ತವರಿಗೆ ಕಳಿಸಿ ಎಂದು ಮೇಲಿನ ಓಣಿಯ ಮುದುಕ ಕೂಗಿದ. ಗುರುಪಾದ ಬುಟ್ಟಿ ಕೆಳಗಿಟ್ಟು ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ. ಅವನು ಅಪ್ಪನ ಹಾಗೆ, ಸಾಲಿನಲ್ಲಿ ಮಾತಾಡಲು ನಾಚುವವನು.

ನಾನು ಅವನನ್ನು ನೋಡಿದೆ. ಅವನ ಅಪ್ಪ ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನು ಉಂಡು ಮುಗಿಸಿದ್ದು ನೆನಪಾಯಿತು. ಹೋಗಿ ಸೊಸೆಯ ಕೈಯಿಂದ ಸೌಟು ತೆಗೆದುಕೊಂಡೆ. ನಾನು ಅವಳನ್ನು ಹೊಡೆಯುತ್ತೇನೆ ಎಂದುಕೊಂಡು ಜನ ಹಿಂದೆ ಸರಿದರು. ಕೊಪ್ಪರಿಗೆಯಿಂದ ಒಂದಿಷ್ಟು ಪಲ್ಯವನ್ನು ಅಂಗೈಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ನೆಕ್ಕಿದೆ.

ಕಹಿ ಎಂದರೆ ಅಂಥ ಕಹಿ! ನಾಲಿಗೆ ಬುಡದಿಂದ ಕಿವಿಯವರೆಗೆ ಸೆಳೆದುಕೊಂಡು ಹೋಯಿತು. ಅಲ್ಲೇ ಉಗುಳಿದೆ. "ಅಯ್ಯನೋರ, ನಾನೂ ಎಂಜಲ ಮಾಡೀನಿ. ಕಳಸೋದಾದ್ರ ಇಬ್ಬರನ್ನೂ ಕಳಸ್ರಿ. ಆದ್ರ ಇದನ್ನ ಈ ಕೂಸಿನ ತಾಯಿಗೆ ಉಣಸಬ್ಯಾಡ್ರಿ" ಎಂದೆ.

ಸಂಗಯ್ಯನವರು ಬಹಳ ಹೊತ್ತು ನನ್ನನ್ನೇ ನೋಡಿದರು. ಎರಡೂ ಕಣ್ಣು ತೆರೆದು ನೋಡಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹೇಗೂ ಎಂಜಲಾದ ಪಲ್ಯ, ಚೆಲ್ಲಬಹುದಿತ್ತು. ಆದರೆ ಅದು ಅವರ ಬಳ್ಳಿಯ ಕಾಯಿ, ಅವರ ತಾತನ ಕೊಳವೆ, ಅವರ ಮೊಮ್ಮಗನ ತೊಟ್ಟಿಲು. "ಊರಿನವರು ಯಾರೂ ಉಣ್ಣೋದು ಬ್ಯಾಡ. ನನ್ನ ಎಲಿಗೆ ಹಾಕ್ರಿ" ಎಂದರು. ಅವರ ಹೆಂಡತಿ ಅತ್ತರು, ಮಗ ಕಾಲು ಹಿಡಿದ. ಕೇಳಲಿಲ್ಲ. ತಾವೇ ಬಡಿಸಿಕೊಂಡು, ಖಾಲಿ ಸಾಲಿನ ನಡುವೆ ಒಬ್ಬರೇ ಕೂತು ಉಂಡರು. ಒಂದೊಂದು ತುತ್ತು ನುಂಗಿದಾಗಲೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒಂದೊಂದು ತುತ್ತಿಗೂ ನಮ್ಮ ಕಡೆ ನೋಡಿ "ಸೋರೆ" ಎನ್ನುತ್ತಿದ್ದರು. ನಾವೆಲ್ಲ ಸುತ್ತ ನಿಂತು, "ಹೌದ್ರಿ, ಸೋರೆನ ರೀ, ಸಾಕು ಮಾಡ್ರಿ" ಎಂದು ಬೇಡಿಕೊಂಡೆವು. ಎಲೆ ಬಳಿದು ಎದ್ದರು. ಕೈ ತೊಳೆಯಲು ನಾಲ್ಕು ಹೆಜ್ಜೆ ಹಾಕಿ ಬಿದ್ದರು.

ಎತ್ತಿಕೊಂಡು ಹೋಗಿ ಚಾವಡಿಯಲ್ಲೇ ಮಲಗಿಸಿದೆವು. ಹೊಟ್ಟೆಯಲ್ಲಿದ್ದದ್ದೆಲ್ಲ ಹೋಯಿತು, ಆಮೇಲೆ ರಕ್ತವೂ ಹೋಯಿತು. ವೈದ್ಯರು ಬಂದು ಒಂದು ಬೇರು ತೇಯಬೇಕು ಎಂದರು. ಅದು ಆ ಗಿಡ ಹೂ ಬಿಡುವ ಕಾಲವಲ್ಲ, ಹಾಗಾಗಿ ಯಾವ ಗಿಡದ ಬೇರು ಅಗೆಯಬೇಕು ಎಂದು ಯಾರಿಗೂ ಗೊತ್ತಾಗಲಿಲ್ಲ. ಶಾವಂತ್ರಿ ಉಪ್ಪು, ಬೆಲ್ಲ ಕದಡಿದ ನೀರನ್ನು ಹಿಡಿದು, ಚಮಚೆಯೊಂದಿಗೆ ಚಾವಡಿಗೆ ಬಂದಳು. ಅವರ ಮನೆಯವರು ಮೊದಲು ಅವಳನ್ನು ಒಳಗೆ ಬಿಡಲು ಒಪ್ಪಲಿಲ್ಲ. ಅವಳು ಜಗಲಿಯಲ್ಲಿ ಕಾದು ಕೂತಳು. ಕಡೆಗೆ ಅವರ ಹೆಂಡತಿಯೇ ಬಂದು ಕೈ ಹಿಡಿದು ಕರೆದುಕೊಂಡು ಹೋಗಿ ಅವರ ತಲೆಯ ಹತ್ತಿರ ಕೂರಿಸಿದರು. ಗುರುಪಾದ ಕಟ್ಟಿಗೆ ತಂದ, ನಾನು ಒಲೆ ಹಚ್ಚಿದೆ. ಇನ್ನೇನು ಹೋದರು ಎಂದುಕೊಂಡ ಮನುಷ್ಯ ಒಂದು ಮುಂಜಾನೆ ಕಣ್ಣು ಬಿಟ್ಟು ಹಸಿವು ಎಂದರು.

ನಾನು ನುಚ್ಚು ಬೇಯಿಸಿದೆ. ನುಚ್ಚು ಯಾವ ಕಾಳಿನದು ಎಂದು ಅವರು ಕೇಳಲಿಲ್ಲ, ಕೊಳವೆಯನ್ನೂ ಕೇಳಲಿಲ್ಲ. ಶಾವಂತ್ರಿ ಅದಕ್ಕೆ ಮಜ್ಜಿಗೆ ಕಲಸಿಕೊಂಡು ಬಂದು ಹತ್ತಿರ ಕೂತಳು. ಬಾಯಿಯ ಬಳಿ ಹಿಡಿದ ತುತ್ತನ್ನು ಅವರು ಕೈಯೆತ್ತಿ ತಡೆದರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಇವಳ ಕೈಯಲ್ಲಿ ಉಣ್ಣುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರ ಹೆಂಡತಿಯ ಮುಖವೂ ಬಾಡಿತು.

"ಮೊದ್ಲ ನೀ ಉಣ್ಣು" ಎಂದರು.

ಶಾವಂತ್ರಿ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಆ ತುತ್ತನ್ನು ತನ್ನ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದಳು. ಮುದುಕರು ಮಲಗಿದಲ್ಲಿಂದಲೇ ಅವಳ ಮುಖವನ್ನು ನೋಡುತ್ತಿದ್ದರು.

"ಹೆಂಗೈತಿ?"

"ಉಪ್ಪು ಕಡಿಮಿ ಆಗೇತ್ರಿ" ಎಂದಳು. ನನಗೆ ಮೈ ಉರಿಯಿತು. ಬೇಯಿಸಿದವಳು ನಾನು. ಅವಳು ಚಿಟಿಕೆ ಉಪ್ಪು ಉದುರಿಸಿ, ಅದೇ ಕೈಯಿಂದ ಕಲಸಿ, ಅದೇ ಬಟ್ಟಲಿನಿಂದ ಇನ್ನೊಂದು ತುತ್ತು ಎತ್ತಿದಳು. ಸಂಗಯ್ಯನವರು ಬಾಯಿ ತೆರೆದರು.